ಊರು ಯಾವುದೆಂಬ ಪ್ರಶ್ನೆ: ವೃತ್ತಿಶಿಕ್ಷಣದ ಧನಸಹಾಯ ಮತ್ತು ಹೊರನಾಡ ಕನ್ನಡಿಗರು

(ಮುಂಬಯಿಯಲ್ಲಿ ಸಂಘವು ಏರ್ಪಡಿಸಿದ್ದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ತಾವು ಕುಮಾರವ್ಯಾಸನನ್ನು ಕೇಳಿದ್ದೀರಿ, ಗಡಿ ಸಮಸ್ಯೆಯ ಚರ್ಚೆಯನ್ನು ಕೇಳಿದ್ದೀರಿ, ತಾಳಮದ್ದಳೆಯನ್ನೂ ಕೇಳಿದ್ದೀರಿ. ಇಂದು ಒಬ್ಬ ಸರಕಾರಿ ಅಧಿಕಾರಿಯ ಬಾಯಿಂದ ಅರ್ಜಿ, ಆದಾಯ ಪ್ರಮಾಣಪತ್ರ, ಬ್ಯಾಂಕು ಇವುಗಳ ನೀರಸ ಕಥೆಯನ್ನು ಕೇಳುವ ಪ್ರಸಂಗ ಬಂದಿದೆ. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಆದರೆ ಈ ನೀರಸ ವಿಷಯ ತಿಳಿಯದೆ ಹೋದುದರಿಂದ ಒಬ್ಬ ಹುಡುಗಿಯ ಓದು ಅರ್ಧಕ್ಕೆ ನಿಂತುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಆಕೆಯ ತಂದೆ ಕುಂದಾಪುರದ ಕಡೆಯವರು, ಇಲ್ಲಿನ ಒಂದು ಹೋಟೆಲಿನಲ್ಲಿ ಅಡಿಗೆಯವರು. ಮಗಳು ಹನ್ನೆರಡನೆಯ ತರಗತಿಯನ್ನು ಮಹಾರಾಷ್ಟ್ರ ಮಂಡಳಿಯಿಂದ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದಳು. ಯಾರೋ ಒಬ್ಬ ಮಧ್ಯವರ್ತಿ ಬಂದು, “ಊರ ಕಡೆಯದೇ ನರ್ಸಿಂಗ್ ಕಾಲೇಜು, ಸ್ಕಾಲರ್‌ಶಿಪ್ ತಾನಾಗಿಯೇ ಬರುತ್ತದೆ” ಎಂದು ನಂಬಿಸಿದ. ಮೊದಲ ವರ್ಷದ ಶುಲ್ಕಕ್ಕೆ ತಾಯಿಯ ಬಳೆಗಳು ಅಡವಿಗೆ ಹೋದವು. ಎರಡನೆಯ ವರ್ಷ ಕರ್ನಾಟಕದ ಕಚೇರಿಯವರು, “ನಿಮ್ಮ ರೇಷನ್ ಕಾರ್ಡು, ಆದಾಯ ಪತ್ರ ಎಲ್ಲವೂ ಮಹಾರಾಷ್ಟ್ರದವು” ಎಂದರು. ಇಲ್ಲಿಯವರು, “ಕಾಲೇಜು ನಮ್ಮ ರಾಜ್ಯದಲ್ಲಿಲ್ಲ” ಎಂದರು. ಬ್ಯಾಂಕಿನವರು ನರ್ಸಿಂಗ್ ಪರಿಷತ್ತಿನ ಮಾನ್ಯತೆಯ ಪತ್ರ ಕೇಳಿದರು. ಆ ಸಂಸ್ಥೆಗೆ ಅದು ಇರಲೇ ಇಲ್ಲ. ಕಡತ ನನ್ನ ಕೈಗೆ ಬಂದಾಗ ಅದರಲ್ಲಿ ಹದಿನೇಳು ಕಾಗದಗಳಿದ್ದವು. ಬೇಕಾಗಿದ್ದ ಒಂದು ಮಾತ್ರ ಇರಲಿಲ್ಲ. ಹುಡುಗಿ ಈಗ ಒಂದು ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಾಳೆ.

ಇದರಲ್ಲಿ ಯಾರನ್ನು ದೂರೋಣ? ಎರಡೂ ಕಚೇರಿಯವರು ತಮ್ಮ ನಿಯಮದಂತೆಯೇ ನಡೆದರು. ನಮ್ಮ ದೇಶದಲ್ಲಿ ವಿದ್ಯಾರ್ಥಿಗೆ ದೊರೆಯುವ ಹಣ ಒಂದೇ ದಾರಿಯಲ್ಲಿ ಬರುವುದಿಲ್ಲ. ಕೆಲವು ಸಹಾಯಗಳು ಕುಟುಂಬದ ಕಾಯಂ ವಾಸಸ್ಥಾನವನ್ನು ಹಿಡಿದು ಬರುತ್ತವೆ. ಕೆಲವು ಪರೀಕ್ಷಾ ಮಂಡಳಿಯನ್ನೋ ಕಾಲೇಜನ್ನೋ ಹಿಡಿದು ಬರುತ್ತವೆ. ಇನ್ನು ಕೆಲವು ತಂದೆತಾಯಿಯರ ಕಸುಬನ್ನು ಹಿಡಿದು ಬರುತ್ತವೆ. ನಾವು ಹೊರನಾಡಿನವರು ಮೊದಲನೆಯದರ ಬಾಗಿಲನ್ನೇ ತಟ್ಟುತ್ತಾ ನಿಲ್ಲುತ್ತೇವೆ. ನಮ್ಮ ಕಾಲು ಅತ್ಯಂತ ದುರ್ಬಲವಾಗಿರುವುದು ಅಲ್ಲಿಯೇ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡಿ. 1944ರಲ್ಲಿ ಆರಂಭವಾದ ಯೋಜನೆ ಅದು. 2021ರ ಮಾರ್ಗಸೂಚಿಯಂತೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿರಬೇಕು. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಇದನ್ನು ಕೊಡಬೇಕಾದುದು ವಿದ್ಯಾರ್ಥಿ ಓದುತ್ತಿರುವ ರಾಜ್ಯವಲ್ಲ, ಆತ ಕಾಯಂ ಆಗಿ ಸೇರಿದ ರಾಜ್ಯ. ಹಾಗಾದರೆ ಮೂವತ್ತು ವರ್ಷದಿಂದ ಧಾರಾವಿಯಲ್ಲಿರುವ ಕಲಬುರಗಿಯ ಕುಟುಂಬ ಯಾವ ರಾಜ್ಯಕ್ಕೆ ಸೇರಿದ್ದು? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಆಂಧ್ರದಲ್ಲಿ ಹುಟ್ಟಿ, ಕೇಂದ್ರ ಸರಕಾರದ ಉದ್ಯಮವೊಂದರಲ್ಲಿ ಕೆಲಸಕ್ಕೆ ಸೇರಿದ ತಂದೆಯೊಡನೆ ಮುಂಬಯಿಗೆ ಬಂದ ವಿದ್ಯಾರ್ಥಿಯೊಬ್ಬನು ವೈದ್ಯಕೀಯ ಪ್ರವೇಶಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ, 1990ರಲ್ಲಿ ಸಂವಿಧಾನ ಪೀಠವು ತೀರ್ಪು ನೀಡಿತು: ಒಂದು ರಾಜ್ಯದ ಪಟ್ಟಿಯಲ್ಲಿರುವ ಜಾತಿ ಅಥವಾ ಬುಡಕಟ್ಟಿನವರಿಗೆ ವಲಸೆ ಹೋದ ರಾಜ್ಯದಲ್ಲಿ ಆ ಸ್ಥಾನಮಾನ ತಾನಾಗಿ ಲಭಿಸದು. ತೀರ್ಪಿನ ಬಗೆಗೆ ವಾದಿಸಬಹುದು. ಜಾತಿಯ ಅವಮಾನ ರೈಲು ಹತ್ತಿ ನಮ್ಮೊಡನೆಯೇ ಬರುತ್ತದೆ, ಅದರ ಪರಿಹಾರ ಮಾತ್ರ ಸ್ಟೇಷನ್ನಿನಲ್ಲಿಯೇ ಉಳಿಯುತ್ತದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಆದರೆ ಇಂದಿನ ಕಾನೂನು ಅದೇ.

ಮಹಾರಾಷ್ಟ್ರದಲ್ಲಿ ಇದಕ್ಕೊಂದು ಗೆರೆಯೂ ಇದೆ. ಇಲ್ಲಿನ ಜಾತಿ ಪ್ರಮಾಣಪತ್ರ ಬೇಕಾದರೆ ಪರಿಶಿಷ್ಟ ಜಾತಿಯವರು 10 ಆಗಸ್ಟ್ 1950ಕ್ಕೆ, ಇತರ ಹಿಂದುಳಿದ ವರ್ಗದವರು 13 ಅಕ್ಟೋಬರ್ 1967ಕ್ಕೆ ಮೊದಲೇ ಕುಟುಂಬ ಇಲ್ಲಿ ನೆಲೆಸಿತ್ತೆಂದು ತೋರಿಸಬೇಕು. ತಮ್ಮಲ್ಲಿ ಅನೇಕರ ಅಜ್ಜಂದಿರು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಆ ಶಾಲೆ ಬಿಟ್ಟ ಪ್ರಮಾಣಪತ್ರ, ಗಿರಣಿಯ ಹಾಜರಿ ಚೀಟಿ, ಚಾಳಿನ ಬಾಡಿಗೆ ರಸೀದಿ ಇವು ಬರಿಯ ನೆನಪಿನ ವಸ್ತುಗಳಲ್ಲ, ದಾಖಲೆಗಳು. ದಯವಿಟ್ಟು ದೀಪಾವಳಿಯ ಶುಚಿಕಾರ್ಯದಲ್ಲಿ ಅವನ್ನು ರದ್ದಿಗೆ ಹಾಕಬೇಡಿ. ಆ ದಿನಾಂಕಗಳ ನಂತರ ಬಂದ ಕುಟುಂಬಗಳು ತಂದೆಯ ಹೆಸರಿನ ಕರ್ನಾಟಕದ ಜಾತಿ ಪ್ರಮಾಣಪತ್ರವನ್ನು ಮಗುವಿನ ಹತ್ತನೆಯ ತರಗತಿಗೆ ಮೊದಲೇ ಊರಿನಿಂದ ತರಿಸಿಟ್ಟುಕೊಳ್ಳಬೇಕು.

ಜಾತಿಯ ಮಾತಿಲ್ಲದ ರಾಜ್ಯ ಯೋಜನೆಗಳೂ ಇವೆ. ಅಲ್ಲಿ ವಾಸದ ಪ್ರಮಾಣಪತ್ರವಷ್ಟೇ ಸಾಕು, ಸಾಮಾನ್ಯವಾಗಿ ಹದಿನೈದು ವರ್ಷಗಳ ವಾಸ. ಕೇಂದ್ರೀಕೃತ ಪ್ರವೇಶದ ಮೂಲಕ ಖಾಸಗಿ ವೃತ್ತಿಕಾಲೇಜು ಸೇರಿದವರಿಗೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ದೊರೆಯುತ್ತದೆ. ಆದಾಯದ ಮಿತಿ 8 ಲಕ್ಷ. 2024ರಿಂದ ಆರ್ಥಿಕವಾಗಿ ದುರ್ಬಲ ಹಾಗೂ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಅದು ಪೂರ್ಣ ಶುಲ್ಕಕ್ಕೆ ವಿಸ್ತರಿಸಿದೆ. ಚೆನ್ನೈಯ ಬಂಧುಗಳು ಮನೆತನದ ಮೊದಲ ಪದವೀಧರರಿಗೆ ಇರುವ ಶುಲ್ಕ ರಿಯಾಯಿತಿಯನ್ನು ವಿಚಾರಿಸಲಿ. ದಿಲ್ಲಿಯವರು 2015ರಲ್ಲಿ ಅಲ್ಲಿನ ಸರಕಾರ ಆರಂಭಿಸಿದ ಸಾಲ ಖಾತರಿಯನ್ನು ವಿಚಾರಿಸಲಿ.

ಇನ್ನು ಊರನ್ನೇ ಕೇಳದ ಸಹಾಯಗಳು. ಕೇಂದ್ರ ಶಿಕ್ಷಣ ಮಂತ್ರಾಲಯವು ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳನ್ನು ಪರೀಕ್ಷಾ ಮಂಡಳಿಗಳ ಆಧಾರದ ಮೇಲೆ ಹಂಚುತ್ತದೆ. ತಮ್ಮ ಮಂಡಳಿಯಲ್ಲಿ ತೇರ್ಗಡೆಯಾದವರ ಪೈಕಿ ಮೇಲಿನ ಶೇಕಡಾ ಇಪ್ಪತ್ತರಲ್ಲಿದ್ದು, ಮನೆಯ ಆದಾಯ 4.5 ಲಕ್ಷದೊಳಗಿದ್ದವರು ಅರ್ಹರು. ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ವೃತ್ತಿಪರ ಪದವಿಯ ನಾಲ್ಕನೆಯ ವರ್ಷ 20,000. ಡಿಪ್ಲೊಮಾದವರಿಗೆ ಇದು ಇಲ್ಲ. ಅವರಲ್ಲಿ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ಇದೆ: ಮಾನ್ಯತೆ ಪಡೆದ ಕಾಲೇಜಿನಲ್ಲಿ ಪದವಿಗೋ ಡಿಪ್ಲೊಮಾಕ್ಕೋ ಸೇರಿದ, ಒಂದು ಮನೆಯ ಇಬ್ಬರವರೆಗೆ ವರ್ಷಕ್ಕೆ 50,000 ರೂಪಾಯಿ.

ಬ್ಯಾಂಕಿನ ಸಾಲದ ಹೆಸರೆತ್ತಿದರೆ ನಮ್ಮವರಿಗೆ ಹೆದರಿಕೆ. ಹೆದರಿಕೆ ತಪ್ಪಲ್ಲ, ಸಾಲ ಸಾಲವೇ. ಆದರೆ ಎರಡು ಮಾತು ನೆನಪಿಡಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಮನೆ, ಜಮೀನು, ಚಿನ್ನ ಯಾವ ಅಡಮಾನವನ್ನೂ ಬ್ಯಾಂಕು ಕೇಳುವಂತಿಲ್ಲ. ಎರಡನೆಯದು ನಮಗಾಗಿಯೇ ಬರೆದಂತಿದೆ: ಅರ್ಜಿದಾರನ ಮನೆ ತಮ್ಮ ಶಾಖೆಯ ಸೇವಾಕ್ಷೇತ್ರದಲ್ಲಿಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲವನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಎಲ್ಲ ಬ್ಯಾಂಕುಗಳಿಗೂ ತಿಳಿಸಿತು. ನನ್ನ ಪರಿಚಿತರೊಬ್ಬರ ಮಗನನ್ನು ಒಂದು ಶಾಖೆ ಇದೇ ಕಾರಣ ಹೇಳಿ ಹಿಂದೆ ಕಳಿಸಿತ್ತು. “ಕಾರಣವನ್ನು ಬರವಣಿಗೆಯಲ್ಲಿ ಕೊಡಿ” ಎಂದು ಒಂದು ಸಾಲಿನ ಪತ್ರ ಬರೆಸಿದೆವು. ಬರವಣಿಗೆಯಲ್ಲಿ ಬಂದುದು ಮಂಜೂರಾತಿ ಪತ್ರ!

ಆದಾಯ 4.5 ಲಕ್ಷದೊಳಗಿದ್ದರೆ, ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು 10 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಆದರೆ ಕಾಲೇಜಿಗೆ ನಿಗದಿತ ಮಾನ್ಯತೆ ಇರಬೇಕು. ನರ್ಸಿಂಗ್ ಆದರೆ ನರ್ಸಿಂಗ್ ಪರಿಷತ್ತಿನ ಅನುಮೋದನೆ. ಮೊದಲು ಹೇಳಿದ ಹುಡುಗಿ ಎಡವಿದ್ದು ಇಲ್ಲಿಯೇ. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಅರ್ಹತೆಯಿಂದ ಸ್ಥಾನ ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಕೊಡಿಸುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಇಲ್ಲ. ಸಣ್ಣ ಕೌಶಲ ಶಿಕ್ಷಣಕ್ಕೆ ಬೇರೆ ಕೌಶಲ ಸಾಲವಿದೆ, 1.5 ಲಕ್ಷವಿದ್ದ ಅದರ ಮಿತಿ 2024ರಲ್ಲಿ 7.5 ಲಕ್ಷಕ್ಕೇರಿತು.

ಕೊನೆಯದಾಗಿ ಕಸುಬು. ಇದನ್ನು ಕೇಳಲು ಬೇಕಾದವರು ಬಹುಶಃ ಈ ಸಭಾಂಗಣದಲ್ಲಿಲ್ಲ, ಹೊರಗೆ ಇಟ್ಟಿಗೆ ಹೊರುತ್ತಿದ್ದಾರೆ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಂತೆ ಸ್ಥಾಪನೆಯಾದ ಕಲ್ಯಾಣ ಮಂಡಳಿ ಪ್ರತಿ ರಾಜ್ಯದಲ್ಲಿಯೂ ಇದೆ. ಹಿಂದಿನ ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ, 18ರಿಂದ 60ರೊಳಗಿನ ಕಾರ್ಮಿಕರು ಕೆಲಸ ಮಾಡುವ ರಾಜ್ಯದಲ್ಲಿಯೇ ನೋಂದಾಯಿಸಿಕೊಳ್ಳಬಹುದು. ಹುಟ್ಟೂರು ಯಾದಗಿರಿಯಾದರೂ ಸರಿ. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿ ಸಹಾಯ ಮಾಡುತ್ತದೆ. ಹಾಗೆಯೇ ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ನಮ್ಮ ತಾಯಂದಿರ ಬಳಿ ಗುರುತು ಚೀಟಿ ಇದ್ದರೆ, ಅವರ ಮಕ್ಕಳಿಗೆ ಒಂದನೆಯ ತರಗತಿಯಿಂದ ವೃತ್ತಿಪರ ಪದವಿಯವರೆಗೆ ಕೇಂದ್ರ ಕಾರ್ಮಿಕ ಮಂತ್ರಾಲಯದ ವಿದ್ಯಾರ್ಥಿವೇತನವಿದೆ. ವೃತ್ತಿಪರ ಪದವಿಗೆ ವರ್ಷಕ್ಕೆ 25,000 ರೂಪಾಯಿ. ನಾವು ಕೇಂದ್ರ ನೌಕರರಿಗೆ ಸಿಗುವ ಮಕ್ಕಳ ಶಿಕ್ಷಣ ಭತ್ಯೆ ಮುಖ್ಯವಾಗಿ ಹನ್ನೆರಡನೆಯ ತರಗತಿಗೇ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಬೀಡಿ ಕಟ್ಟುವ ತಾಯಿ ನನಗಿಂತ ಮುಂದಿದ್ದಾಳೆ, ಆಕೆಗೆ ಅದು ಗೊತ್ತಿದ್ದರೆ.

ಮುಂದಿನ ನಾಲ್ಕು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇನೆ. ಬರುವವರು ರೇಷನ್ ಕಾರ್ಡು, ಅಂಕಪಟ್ಟಿ ಹಾಗೂ ಸೇರಬೇಕೆಂದಿರುವ ಕಾಲೇಜಿನ ಮಾನ್ಯತಾ ಪತ್ರದ ಪ್ರತಿಯನ್ನು ತನ್ನಿ. ಶುಲ್ಕ ಕಟ್ಟಿ ಬರಬೇಡಿ, ಕಟ್ಟುವ ಮೊದಲು ಬನ್ನಿ. ತಮ್ಮ ಕಟ್ಟಡದ ಕಾವಲುಗಾರ, ಎದುರಿನ ಕಟ್ಟಡದಲ್ಲಿ ದುಡಿಯುವ ಉತ್ತರ ಕರ್ನಾಟಕದ ದಂಪತಿ, ಇವರನ್ನೂ ಕರೆತನ್ನಿ. ಸಂಘದ ಸದಸ್ಯತ್ವದ ಚೀಟಿಯನ್ನು ಅಂದು ಯಾರೂ ಕೇಳುವುದಿಲ್ಲವೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ.