ಪ್ರಾರ್ಥನೆಗೆ ಮೊದಲು



ಮಾನಸಿಕ ಆಸ್ಪತ್ರೆಯೊಂದಕ್ಕೆ ಪಾದ್ರಿಯೊಬ್ಬರು ಬಂದು ರೋಗಿಗಳಿಗೆ ಪ್ರಸಂಗ ಮಾಡಿದರು. ಅವರು ಆರಿಸಿಕೊಂಡ ವಚನ ಯಾವುದು ಗೊತ್ತೇ? ಕಣ್ಣು ಪಾಪಕ್ಕೆ ಎಳೆದರೆ ಆ ಕಣ್ಣನ್ನೇ ಕಿತ್ತುಹಾಕು ಎಂದು ಹೇಳುವ ಸುವಾರ್ತೆಯ ಭಾಗ! ಕೇಳುತ್ತ ಕೂತ ರೋಗಿಗಳಲ್ಲಿ ಆಂಟನ್ ಬಾಯ್ಸನ್ ಎಂಬವರೂ ಇದ್ದರು. ಆ ಮಾತನ್ನು ಇದ್ದಂತೆಯೇ ಪಾಲಿಸಿಬಿಡಬಲ್ಲವರು ತಮ್ಮ ನಡುವೆಯೇ ಒಬ್ಬಿಬ್ಬರಿದ್ದಾರಲ್ಲ ಎಂದು ಅವರಿಗೆ ದಿಗಿಲಾಯಿತು. ಬಾಯ್ಸನ್ ಸ್ವತಃ ಪಾದ್ರಿ. 1920ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಬರೊ ಆಸ್ಪತ್ರೆಗೆ ಸೇರಿದ್ದರು.

ಪ್ರಸಂಗ ಮಾಡಿದವರಿಗೆ ಬೈಬಲ್ ಚೆನ್ನಾಗಿಯೇ ಗೊತ್ತಿದ್ದಿರಬೇಕು. ಎದುರಿಗೆ ಯಾರು ಕೂತಿದ್ದಾರೆ ಎಂದು ಮಾತ್ರ ನೋಡಲಿಲ್ಲ. ತನ್ನೊಳಗೆ ಏಳುವ ಭಾವವನ್ನು ಗುರುತಿಸುವುದು, ಎದುರಿನವರ ಭಾವವನ್ನು ಅರಿಯುವುದು, ಅರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು – ಇದನ್ನು ಈಗ ಭಾವನಾತ್ಮಕ ಬುದ್ಧಿಮತ್ತೆ ಎನ್ನುತ್ತಾರೆ. ಮನೋವಿಜ್ಞಾನಿಗಳಾದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ 1990ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕದಿಂದ ಅದು ಮನೆಮಾತಾಯಿತು. ಆದರೆ ಪಾದ್ರಿಗಳಿಗೆ ಇದನ್ನು ಕಲಿಸುವ ಕೆಲಸ ಅದಕ್ಕೂ ಬಹಳ ಮೊದಲೇ ಶುರುವಾಗಿತ್ತು. ಶುರುಮಾಡಿದವರು ಇದೇ ಬಾಯ್ಸನ್.

ಚೇತರಿಸಿಕೊಂಡು ಹೊರಬಂದ ಅವರು 1924ರಲ್ಲಿ ಅದೇ ರಾಜ್ಯದ ವುಸ್ಟರ್ ಮಾನಸಿಕ ಆಸ್ಪತ್ರೆಗೆ ಚಾಪ್ಲಿನ್ ಆಗಿ, ಅಂದರೆ ಆಸ್ಪತ್ರೆಯ ಪಾದ್ರಿಯಾಗಿ ಹೋದರು. ಮರುವರ್ಷದ ಬೇಸಿಗೆಯಲ್ಲಿ ದೇವಶಾಸ್ತ್ರದ ನಾಲ್ವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ಹಗಲು ವಾರ್ಡಿನಲ್ಲಿ ರೋಗಿಗಳ ಸೇವೆ, ಕೆಲಸ ಮುಗಿದ ಮೇಲೆ ಚರ್ಚೆ. ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ಬದುಕಿರುವ ಮನುಷ್ಯರನ್ನೂ ಓದಬೇಕು ಎಂಬುದು ಅವರ ಹಟ.

ಮುಂದೆ ರಸೆಲ್ ಡಿಕ್ಸ್ ಎಂಬ ಪಾದ್ರಿ ಇದಕ್ಕೊಂದು ಅಭ್ಯಾಸವನ್ನು ಸೇರಿಸಿದರು. ನನಗೆ ಇಡೀ ತರಬೇತಿಯ ಜೀವಾಳ ಇದೇ ಅನ್ನಿಸುತ್ತದೆ. ವಿದ್ಯಾರ್ಥಿ ರೋಗಿಯ ಜೊತೆ ಮಾತಾಡಿ ಬಂದು, ನಡೆದ ಮಾತುಕತೆಯನ್ನು ನೆನಪಿನಿಂದ ಸಾಲುಸಾಲಾಗಿ ಬರೆಯಬೇಕು. ಅವರು ಏನೆಂದರು, ನಾನು ಏನೆಂದೆ, ಆಗ ನನ್ನೊಳಗೆ ಏನಾಯಿತು. ಆಮೇಲೆ ಅದನ್ನು ಮಾರ್ಗದರ್ಶಕರ, ಸಹಪಾಠಿಗಳ ಮುಂದೆ ಓದಬೇಕು.

ಹೀಗೆಂದುಕೊಳ್ಳಿ. ರೋಗಿ ಹೇಳುತ್ತಾರೆ: "ಮಗಳು ಈ ವಾರವೂ ಬರಲಿಲ್ಲ." ವಿದ್ಯಾರ್ಥಿಯ ಉತ್ತರ: "ದೇವರಿದ್ದಾನೆ, ಚಿಂತೆ ಮಾಡಬೇಡಿ. ಬನ್ನಿ, ಪ್ರಾರ್ಥನೆ ಮಾಡೋಣ." ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಾರ್ಗದರ್ಶಕರು ಆಗ ಕೇಳುತ್ತಾರೆ: ಆ ಪ್ರಾರ್ಥನೆ ಬೇಕಾಗಿದ್ದು ಯಾರಿಗೆ? ಅವರಿಗೋ, ಅವರ ದುಃಖದ ಮುಂದೆ ಕೂರಲಾಗದ ನಿನಗೋ? ನಿನ್ನ ತಾಯಿಯನ್ನು ನೋಡಲು ಊರಿಗೆ ಹೋಗಿ ಎಷ್ಟು ದಿನವಾಯಿತು? ಪ್ರಾರ್ಥನೆಯೂ ತಪ್ಪಿಸಿಕೊಳ್ಳುವ ದಾರಿಯಾಗಬಹುದು ಎಂದು ಆ ಹುಡುಗನಿಗೆ ಹೊಳೆದರೆ, ಅದು ನೂರು ಉಪನ್ಯಾಸಕ್ಕೆ ಸಮ.

ದುಃಖದ ಮುಂದೆ ಸುಮ್ಮನೆ ಕೂರುವುದು ಬೈಬಲಿಗೆ ಹೊಸದೇನಲ್ಲ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. ಲಾಜರನ ಸಮಾಧಿಗೆ ಹೋದ ಯೇಸುವೂ ಅವನನ್ನು ಎಬ್ಬಿಸುವ ಮೊದಲು ಅತ್ತರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇನ್ನೊಬ್ಬರ ನೋವನ್ನು ಚೆನ್ನಾಗಿ ಬಲ್ಲವನು ಅವರನ್ನು ಚೆನ್ನಾಗಿ ಬಳಸಿಕೊಳ್ಳಲೂ ಬಲ್ಲ. ಪಾಪನಿವೇದನೆಗೆ ಬಂದವರನ್ನು, ಮಕ್ಕಳನ್ನು ಶೋಷಿಸಿದ ಪಾದ್ರಿಗಳ ಪ್ರಕರಣಗಳು ಹಲವು ದೇಶಗಳಲ್ಲಿ ಹೊರಬಂದಿವೆ. ಅವರೆಲ್ಲ ಭಾವನೆ ಅರಿಯದ ಒರಟರಾಗಿರಲಿಲ್ಲ. ಆದ್ದರಿಂದಲೇ ಮಾತುಕತೆಯ ಆ ಬರಹವನ್ನು ಬೇರೆಯವರ ಮುಂದೆ ಓದಬೇಕೆಂಬ ನಿಯಮ ಮುಖ್ಯ. ಮೇಲೆ ನೋಡಿಕೊಳ್ಳುವವರು ಇಲ್ಲದ ಕಡೆ ಈ ಜಾಣ್ಮೆಯನ್ನು ನಾನು ನಂಬಲಾರೆ.

ಪಾದ್ರಿಯಾಗುವವನನ್ನು ಮೊದಲು ಮನುಷ್ಯನಾಗಿ ರೂಪಿಸಬೇಕು, ಉಳಿದ ಕಲಿಕೆಗೆಲ್ಲ ಅದೇ ಅಡಿಪಾಯ ಎಂದು ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಬರೆದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ವೆಲ್ಲೂರಿನ ಸಿಎಂಸಿಯಲ್ಲೂ ರೋಗಿಗಳ ನಡುವೆಯೇ ನಡೆಯುವ ಇಂಥ ತರಬೇತಿ ಉಂಟು. ಗ್ರೀಕ್, ಹೀಬ್ರೂ ಕಲಿಸುವ ಪ್ರತಿ ದೇವಶಾಸ್ತ್ರ ಕಾಲೇಜಿನಲ್ಲೂ ಇದು ಕಡ್ಡಾಯವಾಗಬೇಕು ಎನ್ನುವವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಶುರುಮಾಡಿದ ಬಾಯ್ಸನ್ ಪೂರ್ತಿ ಗುಣವಾಗಲಿಲ್ಲ. 1930ರಲ್ಲೂ 1935ರಲ್ಲೂ ಕಾಯಿಲೆ ಮರುಕಳಿಸಿತು. ಎರಡು ಸಲವೂ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ತೀರಿಕೊಂಡಿದ್ದು 1965ರಲ್ಲಿ.

ಕೇಳುಗರಲ್ಲಿ ಚರ್ಚಿಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಸಭಾಪಾಲಕರೂ ಮನುಷ್ಯರೇ. ಬೆಳಿಗ್ಗೆ ಶವಸಂಸ್ಕಾರ, ಮಧ್ಯಾಹ್ನ ಮದುವೆ, ಸಂಜೆ ಸಭೆಯ ಜಗಳ, ಎಲ್ಲವನ್ನೂ ಒಂದೇ ಮುಖದಲ್ಲಿ ನಿಭಾಯಿಸಿ ನಿಮ್ಮ ಮನೆಗೆ ಬಂದಿರುತ್ತಾರೆ. ಕೂತ ಕೂಡಲೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರೆ ಸಂಕೋಚಪಡದೆ ಹೇಳಿ: "ಅಯ್ಯನವರೇ, ಪ್ರಾರ್ಥನೆ ಆಮೇಲೆ ಮಾಡೋಣ. ಮೊದಲು ಸ್ವಲ್ಪ ಹೊತ್ತು ಮಾತಾಡೋಣ, ಕೂತ್ಕೊಳ್ಳಿ."