ಕಂಕನಾಡಿಯ ಬಡವರ ಔಷಧಾಲಯ



ದೀನರ ಸೇವೆಯನ್ನು ಕುರಿತು ತುಮಕೂರಿನವರ ಮುಂದೆ ಮಾತನಾಡುವುದೆಂದರೆ ಗಂಗೆಯ ತಡಿಯಲ್ಲಿ ಬಾವಿ ತೋಡಿದಂತೆ. ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಣ್ಣುವುದನ್ನು ಕಣ್ಣಾರೆ ಕಂಡವರಿಗೆ, 1930ರಲ್ಲಿ ಆ ಮಠದ ಉತ್ತರಾಧಿಕಾರವನ್ನು ವಹಿಸಿಕೊಂಡು 111 ವರ್ಷಗಳ ತುಂಬುಬಾಳನ್ನು ಬಾಳಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಚರಿತವನ್ನು ಬಲ್ಲವರಿಗೆ, ದಾಸೋಹವೆಂದರೇನೆಂದು ಹೊಸದಾಗಿ ಹೇಳಬೇಕಾದುದಿಲ್ಲ. ಎಲೆಯ ಮೇಲಣ ತುತ್ತಿನ ಹಿಂದೆ ರಾಗಿಯ ಕಣಜವೂ, ಹಳ್ಳಿಹಳ್ಳಿಗಳ ಕಾಣಿಕೆಯೂ, ದಿನದಿನದ ಲೆಕ್ಕಾಚಾರವೂ ಇರಬೇಕೆಂಬುದನ್ನು ಈ ಊರಿನವರಷ್ಟು ಬಲ್ಲವರು ವಿರಳ. ಆ ತಿಳಿವಳಿಕೆಯನ್ನು ನೆಚ್ಚಿಯೇ ನಾನು ಇಂದು ಘಟ್ಟದ ಕೆಳಗಣ ಮಂಗಳೂರಿನ, ಕಂಕನಾಡಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಅವರ ವಿಷಯವನ್ನು ಆರಿಸಿಕೊಂಡಿದ್ದೇನೆ. ಅವರ ಕರುಣೆ ದೊಡ್ಡದು. ಆ ಕರುಣೆಗೆ ಅವರು ಕಟ್ಟಿಕೊಟ್ಟ ಕಣಜ ಅದಕ್ಕಿಂತಲೂ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಕ್ರೈಸ್ತ ಮಿಷನರಿ ಎಂಬ ಹೆಸರು ಈ ಜಿಲ್ಲೆಗೆ ಹೊಸದೇನೂ ಅಲ್ಲ. 1830ರ ದಶಕದಲ್ಲಿಯೇ ಗುಬ್ಬಿ ವೆಸ್ಲಿಯನ್ ಮಿಷನ್ನಿನ ಒಂದು ಠಾಣೆಯಾಗಿದ್ದಿತು. ಥಾಮಸ್ ಹಾಡ್ಸನ್, ವಿಲಿಯಂ ಆರ್ಥರ್ ಮೊದಲಾದವರು ಅಲ್ಲಿ ನೆಲಸಿ ಕನ್ನಡವನ್ನು ಕಲಿತರು. ಅವರು ಪ್ರಾಟೆಸ್ಟೆಂಟರು. ಕಥೋಲಿಕರ ಪೈಕಿ, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು, ಜೆನ್ನರನ ಶೋಧ ಲೋಕಕ್ಕೆ ತಿಳಿದ ಕೆಲವೇ ವರ್ಷಗಳೊಳಗೆ, 1803-04ರಲ್ಲಿ 25,432 ಮಂದಿಗೆ ಸಿಡುಬಿನ ದಾಕು ಹಾಕಿಸಿದರೆಂಬುದು ದಾಖಲೆಯಾಗಿ ಉಳಿದಿದೆ. ಜನರ ಶರೀರರಕ್ಷಣೆಯನ್ನೂ ತನ್ನ ಕರ್ತವ್ಯವೆಂದು ಬಗೆದ ಆ ಪರಂಪರೆಯಲ್ಲಿಯೇ ಮುಲ್ಲರರೂ ಬರುತ್ತಾರೆ.

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ 1841ರಲ್ಲಿ ಜನಿಸಿದ ಅವರು ಯೇಸುಸಭೆಯನ್ನು ಸೇರಿ, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟರ ಮೊದಲ ತಂಡದಲ್ಲಿ ಒಬ್ಬರಾಗಿದ್ದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರಿಗೆ ಒಪ್ಪಿಸಿದ ಕೆಲಸ. ಆಗಿನ ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯಪಟ್ಟಣ. ಘಟ್ಟದ ಮೇಲಿಂದ ಇಳಿದು ಬರುವ ಕಾಫಿಬೀಜವನ್ನು ಒಣಗಿಸಿ ಹಸನುಮಾಡುವ ಕಣಗಳೂ, ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲುಮಾಡಿದ ಹೆಂಚಿನ ಕಾರ್ಖಾನೆಯೂ, ಅದನ್ನು ನೋಡಿ ಹುಟ್ಟಿಕೊಂಡ ಇತರ ಕಾರ್ಖಾನೆಗಳೂ, ಬಂದರಿನ ಹೇರಿಳಿಸುವ ಕೆಲಸವೂ ಸುತ್ತಣ ಹಳ್ಳಿಗಳ ಕೂಲಿಯಾಳುಗಳನ್ನು ಊರೊಳಕ್ಕೆ ಸೆಳೆಯುತ್ತಿದ್ದ ಕಾಲ ಅದು. ಹೊಲದ ಆಸರೆಯನ್ನು ಬಿಟ್ಟು ಬಂದ ಕೂಲಿಯವನು ಜ್ವರದಿಂದ ಮಲಗಿದನೆಂದರೆ ಅಂದಿನ ಕೂಲಿ ತಪ್ಪಿತು. ಕೂಲಿ ತಪ್ಪಿದರೆ ಗಂಜಿ ತಪ್ಪಿತು. ಹಳ್ಳಿಯಲ್ಲಾಗಿದ್ದರೆ ಒಂದು ಸೇರು ಅಕ್ಕಿಯನ್ನು ಕಡ ಕೊಡುವ ನೆರೆಯವರಾದರೂ ಇರುತ್ತಿದ್ದರು. ಪಟ್ಟಣದ ಬಡತನಕ್ಕಿರುವ ಈ ವಿಶೇಷವಾದ ಒಂಟಿತನವನ್ನು ಮುಲ್ಲರ್ ಅವರು ಅರಿತುಕೊಂಡರೆಂದು ನನಗೆ ತೋರುತ್ತದೆ. ಅದೇ 1880ರಲ್ಲಿ ಅವರು ಕಂಕನಾಡಿಯಲ್ಲಿ ‘ಹೋಮಿಯೋಪಥಿಕ್ ಬಡವರ ಔಷಧಾಲಯ’ವನ್ನು ತೆರೆದರು, ಮೊದಮೊದಲು ಒಂದು ಆಲದ ಮರದ ನೆರಳೇ ಅದರ ಕಟ್ಟಡವಾಗಿದ್ದಿತೆಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ.

ಹೋಮಿಯೋಪತಿಯನ್ನೇ ಏಕೆ ಆರಿಸಿಕೊಂಡರು? ಅದರಲ್ಲಿ ಅವರಿಗೆ ಸ್ವಂತ ನಂಬಿಕೆಯಿದ್ದುದು ಒಂದು ಕಾರಣ. ಅದನ್ನು ಪ್ರವರ್ತಿಸಿದ ಹಾನಿಮನ್ ಮುಲ್ಲರರ ದೇಶದವನೇ. ಅದು ಅಗ್ಗವಾಗಿದ್ದುದು ಮತ್ತೊಂದು ಕಾರಣ. ನನ್ನ ಬಾಲ್ಯದಲ್ಲಿ ಗುಬ್ಬಿಯ ಶಾಲಾ ಉಪಾಧ್ಯಾಯರೊಬ್ಬರ ಮನೆಯಲ್ಲಿ ಅಂತಹ ಔಷಧದ ಪೆಟ್ಟಿಗೆಯೊಂದಿದ್ದಿತು. ಅಂಗೈಯಗಲದ ಮರದ ಪೆಟ್ಟಿಗೆ. ಒಳಗೆ ಸಾಲುಸಾಲಾಗಿ ಕಿರುಬೆರಳಿನಷ್ಟು ದಪ್ಪದ ಗಾಜಿನ ಶೀಷೆಗಳು. ಪ್ರತಿಯೊಂದರ ಬಿರಡೆಯ ನೆತ್ತಿಯ ಮೇಲೆ ಮದ್ದಿನ ಹೆಸರು ಬರೆದ ದುಂಡನೆಯ ಚೀಟಿ. ಶೀಷೆಯೊಳಗೆ ಸಾಸಿವೆಗಿಂತ ತುಸು ದೊಡ್ಡದಾದ ಬಿಳಿಯ ಸಕ್ಕರೆಗುಳಿಗೆಗಳು. ಮೇಷ್ಟರು ಕನ್ನಡಕವನ್ನು ಏರಿಸಿಕೊಂಡು, ಪುಸ್ತಕವನ್ನು ತಿರುವಿ, ಹಸಿವು ನಿದ್ರೆಗಳನ್ನೆಲ್ಲ ವಿಚಾರಿಸಿ, ನಾಲ್ಕು ಗುಳಿಗೆಗಳನ್ನು ಕಾಗದದ ಮೇಲೆ ಉದುರಿಸಿ ಮಡಿಸಿಕೊಡುತ್ತಿದ್ದರು, ಕಾಸನ್ನು ಮುಟ್ಟುತ್ತಿರಲಿಲ್ಲ. ಇಷ್ಟೇ ಸಾಮಗ್ರಿಯಿಂದ ಒಂದು ಕೇರಿಗೆ ಔಷಧ ಕೊಡಬಹುದಾಗಿದ್ದಾಗ, ಕೈಯಲ್ಲಿ ಧನವಿಲ್ಲದ ಪಾದ್ರಿಯೊಬ್ಬರು ಆ ಪದ್ಧತಿಯನ್ನು ಹಿಡಿದುದರಲ್ಲಿ ಆಶ್ಚರ್ಯವಿಲ್ಲ.

ಆ ಗುಳಿಗೆಗಳಿಗೆ ರೋಗವನ್ನು ವಾಸಿಮಾಡುವ ಗುಣವುಂಟೆಂಬುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಇದನ್ನು ಮರೆಮಾಚಿ ಮುಲ್ಲರ್ ಅವರನ್ನು ಹೊಗಳುವುದು ನನಗೆ ಸಮ್ಮತವಲ್ಲ. ಆದರೆ ಹಾಸಿಗೆ, ಶುಚಿಯಾದ ನೀರು, ಹೊತ್ತಿಗೆ ಸರಿಯಾದ ಅನ್ನ, ಬಳಿಯಲ್ಲಿ ಕುಳಿತು ನಾಡಿ ಹಿಡಿದು ನೋಡುವ ಒಂದು ಕೈ, ಇವು ಯಾವ ಪದ್ಧತಿಯಲ್ಲಿಯೂ ರೋಗಿಗೆ ಬೇಕಾದವುಗಳೇ. ಅವು ಕಂಕನಾಡಿಯಲ್ಲಿ ಬಡವನಿಗೂ ದೊರೆತವು. ಮತದ ಪ್ರಶ್ನೆಯನ್ನೂ ಕೆಲವರು ಎತ್ತುವುದುಂಟು. ಮುಲ್ಲರ್ ಪಾದ್ರಿಯಾಗಿಯೇ ಬಂದರು, ಪಾದ್ರಿಯಾಗಿಯೇ ಬಾಳಿದರು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಔಷಧಾಲಯದ ಬಾಗಿಲನ್ನು ಮಾತ್ರ ಎಲ್ಲ ಜಾತಿಗೂ ಎಲ್ಲ ಮತಕ್ಕೂ ತೆರೆದಿಟ್ಟರು.

ಇನ್ನು ಕಣಜದ ಮಾತು. ಬಡವರಿಗೆ ಧರ್ಮಾರ್ಥವಾಗಿ ಔಷಧವನ್ನು ಹಂಚುತ್ತ ಹೋದರೆ ಬೊಕ್ಕಸ ಎಷ್ಟು ದಿನ ತಡೆದೀತು? ವಿದೇಶದಿಂದ ತರಿಸಿದ ಮೂಲದ್ರವ್ಯಗಳಿಂದ ಔಷಧಗಳನ್ನು ಸಿದ್ಧಪಡಿಸಿ, ಕೊಳ್ಳಬಲ್ಲವರಿಗೆ ದೇಶದಾದ್ಯಂತ ಅಂಚೆಯ ಮೂಲಕ ಮಾರಿ, ಆ ಆದಾಯದಿಂದ ಕೊಳ್ಳಲಾರದವರ ಶುಶ್ರೂಷೆಯನ್ನು ನಡೆಸುವ ಏರ್ಪಾಟನ್ನು ಮುಲ್ಲರ್ ಕೈಕೊಂಡರು. ಕಾಲವೂ ಅದಕ್ಕೆ ಅನುಕೂಲವಾಗಿ ಒದಗಿತು. ನಮ್ಮ ದೇಶದ ಅಂಚೆಯವರು 1877ರಲ್ಲಿ ಪೊಟ್ಟಣ ಕೈಸೇರುವಾಗ ಬೆಲೆ ತೆತ್ತು ಬಿಡಿಸಿಕೊಳ್ಳುವ ವಿ.ಪಿ. ಪದ್ಧತಿಯನ್ನೂ, 1880ರಲ್ಲಿ, ಎಂದರೆ ಔಷಧಾಲಯ ತೆರೆದ ವರ್ಷವೇ, ಮನಿಯಾರ್ಡರನ್ನೂ ಜಾರಿಗೆ ತಂದಿದ್ದರು. 1907ರವರೆಗೆ ರೈಲುಗಾಡಿಯನ್ನೇ ಕಾಣದಿದ್ದ ಮಂಗಳೂರಿನಿಂದ ಭಾರವಾದ ಸರಕನ್ನು ದೂರದೂರಿಗೆ ಕಳುಹಿಸುವುದು ಕಷ್ಟವಾಗಿದ್ದಿರಬೇಕು. ಆದರೆ ಗುಳಿಗೆಯ ಶೀಷೆಗೆ ತೂಕವೆಷ್ಟು! ಎಲ್ಲಿಯೋ ದೂರದೂರಿನ ಗುಮಾಸ್ತನೊಬ್ಬನು ತನ್ನ ಮಗುವಿನ ಕೆಮ್ಮಿಗೆಂದು ಔಷಧ ತರಿಸಿಕೊಂಡರೆ, ಅವನು ಎಂದೂ ಕಾಣದ ಕಂಕನಾಡಿಯ ರೋಗಿಯೊಬ್ಬನ ಗಂಜಿಗೆ ಅದರಿಂದ ಅಕ್ಕಿಯಾಗುತ್ತಿತ್ತು. ದಾನಿಗಳ ಮನಸ್ಸಿನ ಏರಿಳಿತವನ್ನೇ ನೆಚ್ಚಿಕೊಂಡಿರಬೇಕಾಗಿಲ್ಲದ ಧರ್ಮಶಾಲೆಯೊಂದನ್ನು ಇಷ್ಟು ಸರಳವಾದ ಉಪಾಯದಿಂದ ನಿಲ್ಲಿಸಿದವರು ನಮ್ಮ ನಾಡಿನಲ್ಲಿ ಬಹಳ ಮಂದಿಯಿಲ್ಲ.

ಆ ಆಸರೆಯ ಬಲದಿಂದಲೇ ಮುಂದಿನ ಎರಡು ದೊಡ್ಡ ಕಾರ್ಯಗಳು ಸಾಧ್ಯವಾದುವು. ಮೊದಲನೆಯದು 1890ರಲ್ಲಿ ತೆರೆದ ಸಂತ ಜೋಸೆಫರ ಕುಷ್ಠರೋಗಿಗಳ ಆಶ್ರಯಧಾಮ. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬಾಳಿ ತಾನೂ ಆ ರೋಗಕ್ಕೆ ತುತ್ತಾದ ಪಾದ್ರಿ ಡಾಮಿಯನ್ 1889ರ ಏಪ್ರಿಲಿನಲ್ಲಿ ತೀರಿಕೊಂಡು ಜಗತ್ತೆಲ್ಲ ಆತನ ಹೆಸರನ್ನಾಡುತ್ತಿದ್ದ ಕಾಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಕಂಡಿದ್ದನಾದರೂ ಅದನ್ನು ಗೆಲ್ಲುವ ಮದ್ದು ಬರುವುದಕ್ಕೆ ಇನ್ನೂ ಐವತ್ತು ವರ್ಷ ಕಾಯಬೇಕಾಗಿದ್ದಿತು. ಮನೆಯವರೇ ಹೊರಗಿಟ್ಟುದರಿಂದ ಬೆರಳುದುರಿದ ಕೈಯಲ್ಲಿ ಚಿಪ್ಪು ಹಿಡಿದು ಪೇಟೆಯ ಅಂಚಿನಲ್ಲಿ ಕುಳಿತವರಿಗೆ ಗುಣವಾಗುವ ಆಸೆಯನ್ನು ಯಾರೂ ಕೊಡುವಂತಿರಲಿಲ್ಲ. ವ್ರಣವನ್ನು ತೊಳೆದು ಬಟ್ಟೆ ಕಟ್ಟುವುದು, ಹೊತ್ತುಹೊತ್ತಿಗೆ ಉಣಬಡಿಸುವುದು, ಹೆಸರು ಹಿಡಿದು ಕರೆಯುವುದು, ಸತ್ತರೆ ಮನುಷ್ಯರಂತೆ ಮಣ್ಣುಮಾಡುವುದು, ಅಲ್ಲಿ ಮಾಡಬಹುದಾಗಿದ್ದುದು ಇಷ್ಟೇ. ಫಲದ ಭರವಸೆಯಿಲ್ಲದೆ ದಿನವೂ ಮಾಡಬೇಕಾದ ಆ ಕೆಲಸವನ್ನು ನಾನು ಅವರು ಮುಂದೆ ಪ್ಲೇಗಿನ ಕಾಲದಲ್ಲಿ ತೋರಿದ ಸಾಹಸಕ್ಕಿಂತಲೂ ಹೆಚ್ಚಿನದೆಂದು ಎಣಿಸುತ್ತೇನೆ.

ಎರಡನೆಯದು ಪ್ಲೇಗಿನ ಆಸ್ಪತ್ರೆ. ಮಂಗಳೂರಿಗೆ ಪ್ಲೇಗು ಬಂದುದು 1902ರಲ್ಲಿ. ಮೈಸೂರು ಸೀಮೆಗೆ ಅದು ನಾಲ್ಕು ವರ್ಷ ಮೊದಲೇ, 1898ರಲ್ಲಿಯೇ, ಕಾಲಿಟ್ಟಿದ್ದಿತು. ‘ಇಲಿ ಬಿತ್ತು’ ಎಂಬ ಎರಡೇ ಮಾತಿಗೆ ಊರಿಗೆ ಊರೇ ಮನೆಗಳಿಗೆ ಬೀಗವಿಕ್ಕಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಕಥೆಯನ್ನು ಈ ಸೀಮೆಯ ಹಿರಿಯರು ಹೇಳುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಹಾಗೆ ಹೊರಟುಹೋಗಲು ಹೊಲವೇ ಇಲ್ಲದ ಪಟ್ಟಣದ ಕೂಲಿಯವನು ಎಲ್ಲಿಗೆ ಹೋಗಬೇಕು? 1902ರಲ್ಲಿ ಮುಲ್ಲರ್ ಅವರು ಪ್ಲೇಗಿನವರಿಗೆಂದೇ ಒಂದು ಆಸ್ಪತ್ರೆಯನ್ನು ತೆರೆದರು. ಸುಮಾರು 44,000 ಜನವಸತಿಯ ಆ ಪಟ್ಟಣದಲ್ಲಿ ರೋಗಿಯ ಬಳಿಗೆ ಬಂಧುಗಳೇ ಸುಳಿಯಲು ಅಂಜುತ್ತಿದ್ದ ದಿನಗಳಲ್ಲಿ ಅದು ಎಂತಹ ಆಸರೆಯಾಗಿದ್ದಿತೆಂಬುದನ್ನು ಊಹಿಸಬಹುದು.

1910ರ ನವೆಂಬರ್ 1ರಂದು ಮುಲ್ಲರ್ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ಅಲೋಪತಿಗೂ ಅಲ್ಲಿ ಎಡೆ ದೊರೆತು, ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆಯಿತು. ಕುಷ್ಠರೋಗಿಗಳ ಆಶ್ರಯವೂ ಮುಂದುವರಿಯಿತು. ಕುಣಿಗಲ್ಲಿನವರಿಗಂತೂ ಮಂಗಳೂರಿನ ಹೆದ್ದಾರಿ ಊರ ಬದಿಯಲ್ಲಿಯೇ ಹಾದುಹೋಗುತ್ತದೆ. ಆ ಕಡೆಗೆ ಹೋದಾಗ ಕಂಕನಾಡಿಯನ್ನೊಮ್ಮೆ ನೋಡಿಬನ್ನಿ.

ಕೊನೆಯದಾಗಿ ನನ್ನದೊಂದು ಬಿನ್ನಹವುಂಟು. ಗುಬ್ಬಿ, ಕುಣಿಗಲ್, ತುಮಕೂರುಗಳ ಹಳೆಯ ಮನೆಗಳ ಅಟ್ಟದಲ್ಲಿ ಅಂತಹ ಔಷಧದ ಪೆಟ್ಟಿಗೆಗಳು, ಬೆಲೆಪಟ್ಟಿಗಳು, ಕಂಕನಾಡಿಯ ಅಂಚೆಮುದ್ರೆಯಿರುವ ಲಕೋಟೆಗಳು ಉಳಿದಿರಬಹುದು. ಗೆದ್ದಲು ಮುಟ್ಟುವ ಮುನ್ನ ಅವನ್ನು ತೆಗೆದು ಈ ಸಭೆಯನ್ನು ಕರೆದ ಸಂಘದ ಕಾರ್ಯದರ್ಶಿಗಳಿಗೆ ತಲಪಿಸಿ. ಕಂಕನಾಡಿಯ ರೋಗಿಗಳ ಅನ್ನಕ್ಕೆ ನಮ್ಮ ಜಿಲ್ಲೆಯ ಯಾವ ಯಾವ ಮನೆಯ ಕಾಸು ಸೇರಿದ್ದಿತೆಂಬುದನ್ನು ಅವುಗಳಿಂದ ತಿಳಿಯಬಹುದು. ಸಿಕ್ಕಿದಷ್ಟನ್ನು ಜೋಡಿಸಿ ಬರೆಯುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.