ಆರನೆಯ ವರ್ಷದ ದವಡೆ ಹಲ್ಲು ಮತ್ತು ಅದರ ರಕ್ಷಾಲೇಪ



ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ದವಡೆ ಹಲ್ಲುಗಳು ಮೂಡುತ್ತವೆ. ಇವುಗಳಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಆದುದರಿಂದ ಅನೇಕ ತಾಯಿತಂದೆಯರು ಇವನ್ನೂ ಹಾಲುಹಲ್ಲುಗಳೆಂದೇ ಭಾವಿಸುತ್ತಾರೆ. ಹುಳುಕು ಹತ್ತಿದಾಗ, "ಹೇಗೂ ಬಿದ್ದು ಹೊಸದು ಬರುವುದಲ್ಲ" ಎಂದು ಸುಮ್ಮನಿರುತ್ತಾರೆ. ಆದರೆ ಇವು ಶಾಶ್ವತ ಹಲ್ಲುಗಳು. ಒಮ್ಮೆ ಕೀಳಿಸಿದರೆ ಮತ್ತೆ ಹುಟ್ಟಲಾರವು. ಜೀವಮಾನವೆಲ್ಲ ರೊಟ್ಟಿ, ಕಾಳುಗಳನ್ನು ಅಗಿಯಬೇಕಾದವು ಇವೇ.

ಈ ಹಲ್ಲುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ. ಬ್ರಷ್ಷಿನ ಒಂದು ಎಳೆಯೂ ತೂರಲಾರದಷ್ಟು ಅವು ಕಿರಿದು. ಅಲ್ಲಿ ಸಿಕ್ಕಿಕೊಂಡ ಬೆಲ್ಲ, ಸಕ್ಕರೆ, ಬಿಸ್ಕತ್ತಿನ ಅಂಶವನ್ನು ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊರಪದರವನ್ನು ಕರಗಿಸುತ್ತದೆ. ಹುಳುಕು ಹುಟ್ಟುವುದು ಹೀಗೆ.

ಮಾಳಿಗೆಯ ಬಿರುಕನ್ನು ಮಳೆಗಾಲಕ್ಕೆ ಮುನ್ನವೇ ಮುಚ್ಚುವಂತೆ, ಈ ಗೀರುಗಳನ್ನೂ ಹುಳುಕು ಹತ್ತುವ ಮುನ್ನ ತೆಳುವಾದ ಲೇಪದಿಂದ ಮುಚ್ಚಬಹುದು. ಇದಕ್ಕೆ ಸೀಲೆಂಟ್ ಎಂದು ಹೆಸರು. ಚುಚ್ಚುಮದ್ದು ಬೇಡ, ಹಲ್ಲನ್ನು ಕೊರೆಯಬೇಕಾಗಿಲ್ಲ, ನೋವೂ ಇಲ್ಲ.

ಲೇಪದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೊದಲನೆಯದು ರೆಸಿನ್. ಹಲ್ಲನ್ನು ಶುಚಿಗೊಳಿಸಿ, ಸೌಮ್ಯ ಆಮ್ಲದಿಂದ ಅದರ ಮೇಲ್ಮೈಯನ್ನು ಕೊಂಚ ಒರಟಾಗಿಸಿ, ತೊಳೆದು ಒಣಗಿಸಿದ ಬಳಿಕ ಇದನ್ನು ಹಚ್ಚುತ್ತಾರೆ. ತೆಳ್ಳನೆಯ ರೆಸಿನ್ ಗೀರಿನೊಳಕ್ಕೆ ಹರಿದು, ನೀಲಿ ಬೆಳಕು ಬಿದ್ದೊಡನೆ ಗಟ್ಟಿಯಾಗುತ್ತದೆ. ಇದು ಬಲವಾದುದು, ಹಲವು ವರ್ಷ ಬಾಳುವಂಥದು. ಆದರೆ ಹಚ್ಚುವಾಗ ಎಂಜಲು ತಗುಲಿದರೆ ಹಿಡಿಯದೆ ಕಳಚಿಬೀಳುತ್ತದೆ.

ಎರಡನೆಯದು 1970ರ ದಶಕದಿಂದ ಬಳಕೆಗೆ ಬಂದ ಗ್ಲಾಸ್ ಅಯಾನೊಮರ್. ತುಸು ತೇವವನ್ನು ಇದು ಸಹಿಸಿಕೊಳ್ಳುತ್ತದೆ. ಆದುದರಿಂದ ಅರ್ಧ ಮೂಡಿದ ಹಲ್ಲಿಗೂ, ಬಾಯಿ ತೆರೆದು ಕೂರಲಾರದ ಮಗುವಿಗೂ ಅನುಕೂಲ. ಇದರಿಂದ ಹೊರಬರುವ ಫ್ಲೋರೈಡ್ ಅಂಶವು ಹಲ್ಲನ್ನು ಬಲಪಡಿಸುತ್ತದೆ. ಆದರೆ ಇದು ರೆಸಿನ್‌ನಷ್ಟು ಗಟ್ಟಿಯಲ್ಲ, ಬೇಗ ಸವೆಯುತ್ತದೆ. ಫ್ಲೋರೈಡ್ ಕೂಡ ಮೊದಲ ಒಂದೆರಡು ದಿನ ಹೆಚ್ಚಾಗಿ ಹೊರಬಂದು, ಅನಂತರ ಬಹಳ ಇಳಿದುಹೋಗುತ್ತದೆ. ಫ್ಲೋರೈಡ್ ಬೆರೆಸಿದ ರೆಸಿನ್ ಲೇಪಗಳಲ್ಲಿಯೂ ಹೀಗೆಯೇ. ಆದ್ದರಿಂದ ಫ್ಲೋರೈಡ್ ಇದೆಯೆಂಬ ಒಂದೇ ನೆಚ್ಚಿಕೆಯಿಂದ ಇರುವುದು ಸಲ್ಲದು. ಲೇಪವು ಗೀರನ್ನು ಬಿಡದೆ ಮುಚ್ಚಿರುವುದೇ ಮುಖ್ಯ ರಕ್ಷಣೆ.

ಕೋಲಾರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ ಮುಂತಾದ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಅಲ್ಲಿನ ದಂಪತಿಗಳಿಗೆ, "ನಮಗೆ ಇನ್ನೂ ಫ್ಲೋರೈಡ್ ಬೇಕೆ?" ಎಂಬ ಅಂಜಿಕೆ ಸಹಜ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳವೆಯಲ್ಲಿ, ವರ್ಷಗಟ್ಟಲೆ ಅಂಥ ನೀರನ್ನು ಕುಡಿದುದರಿಂದ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಲೇಪದಿಂದ ಬರುವ ಅಂಶವು ತೀರ ಅಲ್ಪ, ಅದರಿಂದ ಕಲೆಯುಂಟಾಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ನೀರನ್ನು ಕಾಯಿಸಿದ ಮಾತ್ರಕ್ಕೆ ಅದು ಹೋಗದು. ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ.

ತಂದೆಯಾದವನು ಇದು ತಾಯಿಯ ಕೆಲಸವೆಂದು ಭಾವಿಸಬಾರದು. ಮಗುವಿನ ಆರನೆಯ ವರ್ಷದಲ್ಲಿ, ಮತ್ತೆ ಎರಡನೆಯ ದವಡೆ ಹಲ್ಲು ಮೂಡುವ ಹನ್ನೆರಡನೆಯ ವರ್ಷದಲ್ಲಿ, ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿರಿ. ಹೊಸ ಹಲ್ಲು ಕಂಡೊಡನೆ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಲೇಪ ಹಚ್ಚಿಸಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸಿರಿ. ಕಳಚಿದ್ದರೆ ಪುನಃ ಹಚ್ಚಬಹುದು. ಲೇಪವು ಹಲ್ಲಿನ ಸಂದುಗಳನ್ನು ಕಾಯಲಾರದು. ಆದಕಾರಣ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದನ್ನು ಬಿಡಿಸಬೇಡಿರಿ.

ಇಂದು ಅರ್ಧ ದಿನದ ಕೂಲಿ ತಪ್ಪಬಹುದು. ಆದರೆ ಮಗುವಿನ ಹಲ್ಲು ಅದರ ಮುಪ್ಪಿನವರೆಗೂ ಉಳಿದೀತು.